ಇಪ್ಪತ್ತೇಳು ಕಿಲೋ ನಾನೂರು ಗ್ರಾಂ

ಹೊಸ ಎಲೆಕ್ಟ್ರಿಕ್ ಸೈಕಲ್ ಕೊಂಡ ಹತ್ತನೆಯ ದಿನ ಅದನ್ನು ಗುಜರಿ ಅಂಗಡಿಗೆ ತಳ್ಳಿಕೊಂಡು ಹೋದೆ. ಮಾರುವುದಕ್ಕಲ್ಲ, ತೂಗಿಸುವುದಕ್ಕೆ. ಅದರ ಜೊತೆ ಬಂದಿದ್ದ ಪುಸ್ತಿಕೆಯಲ್ಲಿ ಮೋಟಾರು ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ವೋಲ್ಟ್, ಟೈರು ಎಷ್ಟು ಅಗಲ ಎಲ್ಲವೂ ಇತ್ತು. ಬಣ್ಣಕ್ಕೆ ಇಟ್ಟ ಹೆಸರು ಕೂಡ ಇತ್ತು. ತೂಕ ಮಾತ್ರ ಎಲ್ಲಿಯೂ ಇರಲಿಲ್ಲ. ಕುವೆಂಪುನಗರದ ನಮ್ಮ ರಸ್ತೆಯ ತುದಿಯಲ್ಲಿರುವ ಗುಜರಿಯವರ ಬಳಿ ನೆಲದ ಮೇಲೆ ಕೂರಿಸಿದ ದೊಡ್ಡ ತೂಕದ ಯಂತ್ರವಿದೆ. ಅದರ ತಟ್ಟೆಯ ಮೇಲೆ ಸೈಕಲ್ ನಿಲ್ಲಿಸಿ, ಬೀಳದ ಹಾಗೆ ಸೀಟಿಗೆ ಒಂದೇ ಬೆರಳು ತಾಗಿಸಿ ಹಿಡಿದೆ.

"ಏನಾಯಿತು ಮೇಷ್ಟ್ರೇ, ಇನ್ನೂ ಹೊಸದಿದೆಯಲ್ಲ?" ಎಂದು ಅವರು ಕೇಳಿದರು. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಅತ್ತಿತ್ತ ಆಡಿ 27.400ಕ್ಕೆ ನಿಂತವು. ಅವರು ಮನಸ್ಸಿನಲ್ಲೇ ಗುಣಿಸಿ ನೋಡಿದರೆಂದು ಕಾಣುತ್ತದೆ. "ಕಬ್ಬಿಣದ ರೇಟಿಗೆ ಕೊಟ್ಟರೆ ನಿಮಗೆ ಬಹಳ ನಷ್ಟ," ಎಂದು ನಕ್ಕರು.

ನಾನು ಕೊಟ್ಟದ್ದು 28 ಸಾವಿರ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಮಂಡಿ ನೋವಿಗೆ ವೈದ್ಯರು ಸೈಕಲ್ ತುಳಿಯಿರಿ ಎಂದರು, ಆದರೆ ಏರಿನಲ್ಲಿ ಒತ್ತಿ ತುಳಿಯಬೇಡಿ ಎಂದೂ ಸೇರಿಸಿದರು. ಮೈಸೂರಿನಲ್ಲಿ ಏರು ತಪ್ಪಿಸಿ ಓಡಾಡುವುದು ಅಸಾಧ್ಯವೇನಲ್ಲ, ಆದರೆ ಆಗ ಹೋಗಬೇಕಾದ ಜಾಗಕ್ಕೆ ಬಿಟ್ಟು ಇನ್ನೆಲ್ಲಿಗಾದರೂ ಹೋಗುತ್ತಿರಬೇಕಾಗುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಸೈಕಲ್. ಅಂಗಡಿಯಲ್ಲಿ ಎರಡು ಸುತ್ತು ಹೊಡೆದೆ, ಮೋಟಾರು ಗುಂಯ್ ಎಂದಿತು, ಹಣ ಕೊಟ್ಟೆ. ಅದನ್ನು ಕೈಯಿಂದ ಎತ್ತಿ ನೋಡಬೇಕೆಂದು ಹೊಳೆಯಲಿಲ್ಲ. ಸೈಕಲ್ಲನ್ನು ಯಾರು ಎತ್ತುತ್ತಾರೆ?

ಎರಡನೆಯ ಮಹಡಿಯಲ್ಲಿರುವವರು ಎತ್ತುತ್ತಾರೆ. ನಮ್ಮ ಮನೆಗೆ 34 ಮೆಟ್ಟಿಲು, ಲಿಫ್ಟ್ ಇಲ್ಲ. ಕಡಿಮೆ ಬೆಲೆಯ ಎಷ್ಟೋ ಮಾದರಿಗಳಂತೆ ನನ್ನದರಲ್ಲಿಯೂ ಬ್ಯಾಟರಿಯನ್ನು ಚೌಕಟ್ಟಿನ ಕೊಳವೆಯೊಳಗೆ ತುರುಕಿ ಮುಚ್ಚಿಬಿಟ್ಟಿದ್ದರು; ಹೊರತೆಗೆಯುವ ಹಾಗಿಲ್ಲ. ಚಾರ್ಜ್ ಆಗಬೇಕಾದರೆ ಇಡೀ ಸೈಕಲ್ ಪ್ಲಗ್ಗಿನ ಹತ್ತಿರ ಬರಬೇಕು, ಇಲ್ಲವೇ ಪ್ಲಗ್ಗು ಸೈಕಲ್ಲಿನ ಹತ್ತಿರ ಹೋಗಬೇಕು. ಮೊದಲ ವಾರ ಎರಡನೆಯದನ್ನು ಮಾಡಿದೆ. ಬಾವಿಗೆ ಹಗ್ಗ ಬಿಟ್ಟ ಹಾಗೆ ಬಾಲ್ಕನಿಯಿಂದ ವೈರು ಇಳಿಬಿಟ್ಟೆ. ಮನೆಯ ಮಾಲೀಕರು ಎರಡು ದಿನ ನೋಡಿ ಮೂರನೆಯ ದಿನ, "ಮಳೆಯಲ್ಲಿ ಯಾವುದಾದರೂ ಮಗು ಹಿಡಿದುಕೊಂಡರೆ ಏನು ಗತಿ ಸಾರ್?" ಎಂದರು. ಮೂವತ್ತು ವರ್ಷ ವಿದ್ಯುತ್ತಿನ ಪಾಠ ಮಾಡಿದವನಿಗೆ ಇದನ್ನು ಅವರು ಹೇಳಬೇಕಾಗಿ ಬಂತಲ್ಲ ಎಂದು ನಾಚಿಕೆಯಾಯಿತು. ವೈರು ಸುತ್ತಿಟ್ಟೆ.

ಆಮೇಲೆ ಹೊರುವುದು ಶುರುವಾಯಿತು. ಸೀಟಿನ ಕೆಳಗೆ ಒಂದು ಕೈ, ಮುಂದಿನ ಕೊಳವೆಗೆ ಇನ್ನೊಂದು. ಮೋಟಾರು ಹಿಂದಿನ ಚಕ್ರದ ಗುಂಬದಲ್ಲಿ, ಅಂದರೆ ಕಡ್ಡಿಗಳು ಸೇರುವ ನಡುಭಾಗದಲ್ಲಿ, ಇರುವುದರಿಂದ ಎತ್ತಿದೊಡನೆ ಹಿಂಭಾಗ ಜೋಲುತ್ತದೆ. ಮೊದಲ ತಿರುವಿನಲ್ಲಿ ಹ್ಯಾಂಡಲ್ ಗೋಡೆಯ ಸುಣ್ಣ ಕೆರೆಯುತ್ತದೆ, ಎರಡನೆಯ ತಿರುವಿನಲ್ಲಿ ಪೆಡಲ್ ಮೊಣಕಾಲಿನ ಕೆಳಗೆ, ಮಾಂಸವೇ ಇಲ್ಲದ ಜಾಗಕ್ಕೆ ಬಡಿಯುತ್ತದೆ. ಚಟ ಬಿಡಲಿಲ್ಲ, ಲೆಕ್ಕ ಮಾಡಿದೆ. 27 ಕಿಲೋ, ಹೆಚ್ಚುಕಡಿಮೆ ಆರು ಮೀಟರ್ ಎತ್ತರ. ಅರ್ಧ ವ್ಯಾಟ್-ಗಂಟೆಯೂ ಆಗದ ಕೆಲಸ. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಮೂರು ನಿಮಿಷದಲ್ಲಿ ಇಷ್ಟು ಶಕ್ತಿಯನ್ನು ತಿಂದು ಮುಗಿಸುತ್ತದೆ. ಅಷ್ಟಕ್ಕೇ ನನ್ನ ಸೊಂಟ ಹಿಡಿದು ನಾಲ್ಕು ದಿನ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದೆ.

ಮಲಗಿದವನಿಗೆ ಬೇರೆ ಕೆಲಸವಿಲ್ಲ. ಈ ತೂಕದಿಂದ ರಸ್ತೆಯಲ್ಲಿ ನನಗೆ ಎಷ್ಟು ತೊಂದರೆ ಎಂದು ಕಾಗದದ ಮೇಲೆ ಹಾಕಿ ನೋಡಿದೆ. ಹಗುರವಾದ ಒಳ್ಳೆಯ ಎಲೆಕ್ಟ್ರಿಕ್ ಸೈಕಲ್ ಎಂದರೆ ಸುಮಾರು 16 ಕಿಲೋ ಎಂದಿಟ್ಟುಕೊಳ್ಳೋಣ. ನನ್ನದು ಅದಕ್ಕಿಂತ 11 ಕಿಲೋ ಹೆಚ್ಚು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದರೆ ಆ ಹೆಚ್ಚುವರಿ ತೂಕಕ್ಕೆ ಬೇಕಾಗುವ ಶಕ್ತಿ ಐದು ವ್ಯಾಟ್‌ನ ಆಸುಪಾಸು. ಮೋಟಾರು 250 ವ್ಯಾಟಿನದು. ಅದಕ್ಕೆ ಇದು ಗೊತ್ತೂ ಆಗುವುದಿಲ್ಲ. ಏರಿನಲ್ಲಿ? ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 800 ಅಡಿ ಎತ್ತರದಲ್ಲಿದೆ. 11 ಕಿಲೋವನ್ನು ಅಲ್ಲಿಗೆ ಒಯ್ಯಲು ಏಳು ಚಿಲ್ಲರೆ ವ್ಯಾಟ್-ಗಂಟೆ. ನನ್ನ ಬ್ಯಾಟರಿ 36 ವೋಲ್ಟ್, 7.5 ಆಂಪಿಯರ್-ಗಂಟೆ, ಅಂದರೆ 270 ವ್ಯಾಟ್-ಗಂಟೆ. ಮೋಟಾರಿನ ನಷ್ಟ ಸೇರಿಸಿದರೂ ನೂರರಲ್ಲಿ ಮೂರು ನಾಲ್ಕು ಪಾಲು ಹೆಚ್ಚು ಖರ್ಚು, ಅಷ್ಟೇ.

ಉತ್ತರ ಬಂದಾಗ ನಾನೇ ಎರಡು ಸಲ ಪರೀಕ್ಷಿಸಿದೆ. ಭಾರದ ಸೈಕಲ್ಲನ್ನು ಬೈಯುವವರೆಲ್ಲ ಏರಿನಲ್ಲಿ ಸಾಯುತ್ತದೆ ಎಂದೇ ಹೇಳುವುದು. ಏರಿನಲ್ಲಿ ಅದು ಸಾಯುವುದು ನಿಜ, ಆದರೆ ತೂಕದಿಂದಲ್ಲ. ಚಕ್ರದ ಗುಂಬದಲ್ಲಿ ಕೂತ ಮೋಟಾರಿಗೆ ಗೇರು ಬದಲಾಯಿಸುವ ಅವಕಾಶವಿಲ್ಲ. ಚಕ್ರ ಎಷ್ಟು ನಿಧಾನವೋ ಅದೂ ಅಷ್ಟೇ ನಿಧಾನ. ನಿಧಾನವಾಗಿ ತಿರುಗುತ್ತಾ ಹೆಚ್ಚು ಕರೆಂಟು ಎಳೆದರೆ ತಿರುಗುವ ಬದಲು ಬಿಸಿಯಾಗುತ್ತದೆ. ಪೆಡಲ್ ಅಚ್ಚಿನ ಬಳಿ ಮೋಟಾರು ಇಟ್ಟ ಸೈಕಲ್‌ಗಳು ನಮ್ಮ ಕಾಲಿನಂತೆಯೇ ಚೈನು ಮತ್ತು ಗೇರಿನ ಮೂಲಕ ಎಳೆಯುತ್ತವೆ, ಹಾಗಾಗಿ ಕಡಿದಾದ ಜಾಗದಲ್ಲಿಯೂ ತಮಗೆ ಬೇಕಾದ ವೇಗದಲ್ಲಿ ತಿರುಗಬಲ್ಲವು. (ಅದಕ್ಕೆ ಬೆಲೆ ತೆರುವುದು ಚೈನು, ಬೇಗ ಸವೆಯುತ್ತದೆ.)

ಇನ್ನೊಂದು ತಮಾಷೆಯ ಲೆಕ್ಕ. ನನ್ನ ತೂಕ 82 ಕಿಲೋ. ಸೈಕಲ್ಲಿನಿಂದ 11 ಕಿಲೋ ಇಳಿಸಲು ಲಕ್ಷಗಟ್ಟಲೆ ಕೊಡುವ ಬದಲು ಸಂಜೆಯ ಮಸಾಲೆ ದೋಸೆ ಬಿಟ್ಟರೆ ಬೆಟ್ಟಕ್ಕೆ ಅದೇ ಪರಿಣಾಮ. ಮೆಟ್ಟಿಲಿಗೆ ಮಾತ್ರ ಈ ಸಮೀಕರಣ ಹೊಂದುವುದಿಲ್ಲ. ನನ್ನ ತೂಕ ಮೆಟ್ಟಿಲನ್ನು ತಾನೇ ಹತ್ತಿ ಬರುತ್ತದೆ. ಸೈಕಲ್ಲಿನದನ್ನು ನಾನು ಹೊರಬೇಕು.

ಹಾಗೆ ನೋಡಿದರೆ ತೂಕ ಬಂದದ್ದು ಎಲ್ಲಿಂದ? ಬ್ಯಾಟರಿಯಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬೆರಳುಗಾತ್ರದ ಲಿಥಿಯಂ ಕೋಶ ಒಂದೊಂದೂ 45-50 ಗ್ರಾಂ. ಮೂವತ್ತು ಕೋಶ ಸೇರಿದರೂ ಒಂದೂವರೆ ಕಿಲೋ, ಹೊದಿಕೆ ಸೇರಿ ಎರಡು. ಮೋಟಾರು ಎರಡೂವರೆಯಿಂದ ಮೂರು. ಒಟ್ಟು ಐದು ಕಿಲೋ. ಮಿಕ್ಕ 22 ಕಿಲೋ ಸೈಕಲ್ಲೇ! ಉಕ್ಕಿನ ಚೌಕಟ್ಟು, ಬೈಕಿನದೇನೋ ಎನ್ನುವಷ್ಟು ದಪ್ಪ ಟೈರು, ಮುಂದುಗಡೆ ಸ್ಪ್ರಿಂಗ್ ಇಟ್ಟ ಫೋರ್ಕು. ಆ ಫೋರ್ಕಿನ ಮೇಲೆ ನನಗೆ ವಿಶೇಷ ಸಿಟ್ಟಿದೆ. ಅಂಗಡಿಯಲ್ಲಿ ಒತ್ತಿ ತೋರಿಸಲಿಕ್ಕೆ ಅದು ಬಹಳ ಚೆನ್ನ. ರಸ್ತೆಯ ಗುಂಡಿಯಲ್ಲಿ ಅದು ಕುಗ್ಗುವಷ್ಟರಲ್ಲಿ ಗುಂಡಿ ದಾಟಿ ಆಗಿರುತ್ತದೆ.

ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆ, ಜರ್ಮನಿಗೆ ಹೋದೆವು. ಸ್ಟುಟ್‌ಗಾರ್ಟ್. ಬೋಗುಣಿಯ ತಳದಲ್ಲಿ ಕೂತ ಊರು. ಎತ್ತ ಹೊರಟರೂ ಏರು, ಏರಿನ ಮೇಲೆ ದ್ರಾಕ್ಷಿ ತೋಟ. ಕಾರು ಹುಟ್ಟಿ ಬೆಳೆದ ಊರಿನಲ್ಲಿ ಇಷ್ಟು ಸೈಕಲ್ಲುಗಳೇ ಎಂದು ಆಶ್ಚರ್ಯವಾಯಿತು. 2023ರಲ್ಲಿ ಜರ್ಮನಿಯಲ್ಲಿ ಮೊದಲ ಬಾರಿಗೆ ಮಾಮೂಲಿ ಸೈಕಲ್ಲಿಗಿಂತ ಎಲೆಕ್ಟ್ರಿಕ್ ಸೈಕಲ್ಲುಗಳೇ ಹೆಚ್ಚು ಮಾರಾಟವಾದವು. ಮಗಳದೂ ಅಂಥದ್ದೇ. ಬೆಲೆ ಮೂರು ಸಾವಿರ ಯುರೋ ದಾಟುತ್ತದೆ ಎಂದು ಕೇಳಿ ನಾನು ಸುಮ್ಮನಾದೆ. ಅವಳು ಅದನ್ನು ಒಟ್ಟಿಗೆ ಕೊಟ್ಟಿಲ್ಲ. ಕಚೇರಿಯವರು ಗುತ್ತಿಗೆಗೆ ಪಡೆದು ಕೊಡುತ್ತಾರೆ, ತೆರಿಗೆ ಕಡಿಯುವ ಮೊದಲೇ ಸಂಬಳದಿಂದ ತಿಂಗಳು ತಿಂಗಳು ಮುರಿದುಕೊಳ್ಳುತ್ತಾರೆ. ಅಲ್ಲಿ ದುಬಾರಿ ಸೈಕಲ್ ಓಡಿಸುವವರೆಲ್ಲ ಶ್ರೀಮಂತರಲ್ಲ ಎಂಬುದು ಆಗ ಅರ್ಥವಾಯಿತು.

ಅವರ ಕಟ್ಟಡದಲ್ಲಿ ಸೈಕಲ್ ಇಡುವುದು ನೆಲಮಾಳಿಗೆಯಲ್ಲಿ. ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು. ಮಗಳು ಒಂದು ಕೈಯಲ್ಲಿ ಚೀಲ ಮತ್ತು ಬೀಗದ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಸೈಕಲ್ಲನ್ನು ಚೌಕಟ್ಟಿನ ನಡುವೆ ಎತ್ತಿಕೊಂಡು ಮೇಲೆ ಬಂದಳು. ನನ್ನ ಮುಖ ನೋಡಿ, "ನೀನೇ ಎತ್ತಿ ನೋಡಪ್ಪ," ಎಂದಳು. ಎತ್ತಿದೆ. ಹಿಂದಕ್ಕೂ ಜೋಲಲಿಲ್ಲ, ಮುಂದಕ್ಕೂ ಜೋಲಲಿಲ್ಲ. ಸೊಂಟಕ್ಕೆ ಹಳೆಯದೆಲ್ಲ ನೆನಪಾಯಿತು.

ಆದರೆ ನನ್ನನ್ನು ಮರುಳು ಮಾಡಿದ್ದು ತೂಕವಲ್ಲ. ಪೆಡಲಿನ ಮೊದಲ ಅರ್ಧ ಸುತ್ತು.

ನಮ್ಮ ಕಾಲದಲ್ಲಿ ಸೈಕಲ್ ಕಲಿತದ್ದು ಗಂಟೆಗೆ ಐವತ್ತು ಪೈಸೆಯ ಬಾಡಿಗೆ ಸೈಕಲ್ಲಿನಲ್ಲಿ, ಒಳಪೆಡಲು ಹೊಡೆದುಕೊಂಡು. ಅಣ್ಣ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದ. ನಾನು ತುಳಿಯಲು ತೊಡಗಿದ ಮೇಲೆ ಒಂದು ಕ್ಷಣ ಬಿಟ್ಟು ಅವನಿಗೆ ನೆನಪಾಗುತ್ತಿತ್ತು. ಆಗ ಒಮ್ಮೆಲೇ ನೂಕುತ್ತಿದ್ದ. ನಾನು ನಿಲ್ಲಿಸಬೇಕೆಂದರೂ ಅವನು ಇನ್ನೂ ನೂಕುತ್ತಲೇ ಇರುತ್ತಿದ್ದ. ನನ್ನ 28 ಸಾವಿರದ ಸೈಕಲ್ ನನ್ನ ಅಣ್ಣನ ಹಾಗೆ. ಅದರ ಪೆಡಲ್ ಅಚ್ಚಿಗೆ ಸಣ್ಣ ಅಯಸ್ಕಾಂತಗಳ ಒಂದು ಬಿಲ್ಲೆ ಇದೆ. ಅಯಸ್ಕಾಂತಗಳು ಸೆನ್ಸರ್ ಮುಂದೆ ಹಾದುಹೋಗುವುದನ್ನು ಎಣಿಸಿ, ಓಹೋ, ಇವನು ತುಳಿಯುತ್ತಿದ್ದಾನೆ ಎಂದು ಅದು ತಿಳಿಯುತ್ತದೆ. ಎಷ್ಟು ಬಲವಾಗಿ ತುಳಿಯುತ್ತಿದ್ದಾನೆ ಎಂಬುದು ಅದಕ್ಕೆ ಬೇಡ. ಆದ್ದರಿಂದ ಗೇಟಿನೊಳಗೆ ನಿಧಾನವಾಗಿ ತಿರುಗಿಸುವಾಗ, ಸಿಗ್ನಲ್ಲಿನಲ್ಲಿ ಆಟೋದ ಹಿಂದೆ ಇಂಚಿಂಚು ಸರಿಯುವಾಗ, ತಡವಾಗಿ ಮತ್ತು ಅನಗತ್ಯವಾಗಿ ಒಂದು ನೂಕು ಬೀಳುತ್ತದೆ. ಬ್ರೇಕ್ ಹಿಡಿದರೆ ಮೋಟಾರು ನಿಲ್ಲುವ ಸ್ವಿಚ್ಚು ಇಲ್ಲದಿದ್ದರೆ ನಾನು ಎಷ್ಟೋ ಆಟೋಗಳ ಹಿಂಬದಿಯ ಬರಹವನ್ನು ಹತ್ತಿರದಿಂದ ಓದಿರುತ್ತಿದ್ದೆ.

ಮಗಳ ಸೈಕಲ್ಲಿನಲ್ಲಿರುವುದು ಒತ್ತಡವನ್ನು ಅಳೆಯುವ ಸೆನ್ಸರ್. ಕಾಲು ಒತ್ತಿದಷ್ಟಕ್ಕೆ ತಕ್ಕ ಹಾಗೆ ಮೋಟಾರು ಸೇರಿಸುತ್ತದೆ, ಕಾಲು ಸಡಿಲಿಸಿದ ಗಳಿಗೆಯಲ್ಲೇ ಬಿಡುತ್ತದೆ. ಮೊದಲ ಸಲ ತುಳಿದಾಗ ಮೋಟಾರು ಹಾಕಿಯೇ ಇಲ್ಲವೇನೋ ಅನ್ನಿಸಿತು. ಸದ್ದಿಲ್ಲ, ನೂಕಿಲ್ಲ. ಇವತ್ತು ಕಾಲು ಯಾಕೋ ಚೆನ್ನಾಗಿದೆ ಅಂದುಕೊಳ್ಳುತ್ತಾ ಹೋದೆ. ಅರ್ಧ ಏರಿದ ಮೇಲೆ ತಿರುಗಿ ನೋಡಿದರೆ ಬಸ್ ನಿಲ್ದಾಣ ಎಷ್ಟೋ ಕೆಳಗಿತ್ತು. ಗಂಟೆಗೆ 25 ಕಿಲೋಮೀಟರಿಗೆ ಮೋಟಾರು ನೆರವು ನಿಲ್ಲಿಸಬೇಕೆಂಬುದು ಯುರೋಪಿನ ನಿಯಮ. 250 ವ್ಯಾಟ್ ಎಂಬುದೂ ನಿಯಮವೇ. ನಮ್ಮಲ್ಲಿಯೂ ಅವೇ ಎರಡು ಅಂಕಿಗಳು, ಆ ಗೆರೆಯೊಳಗಿದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಅಂದರೆ ಅವಳದೂ ನನ್ನದೂ ಕಾಗದದ ಮೇಲೆ ಒಂದೇ ವೇಗ, ಒಂದೇ ಶಕ್ತಿ. ಹತ್ತು ಪಟ್ಟು ಹಣ ಕೊಟ್ಟು ಕೊಂಡದ್ದು ಆ ಅರ್ಧ ಸುತ್ತಿನ ನಯವನ್ನು.

ನಯಕ್ಕೂ ತೂಕಕ್ಕೂ ಸಂಬಂಧವಿದೆ ಎಂದು ನಾವು ಸುಮ್ಮನೆ ಗಂಟು ಹಾಕುತ್ತೇವೆ. ಜಪಾನಿನ ಯಮಹಾ 1993ರಲ್ಲಿ ಪಾಸ್ ಎಂಬ ಹೆಸರಿನಲ್ಲಿ ಪೆಡಲ್ ನೆರವಿನ ಮೊದಲ ಸೈಕಲ್ ತಂದಾಗ ಅದರಲ್ಲಿದ್ದದ್ದು ಸೀಸದ ಬ್ಯಾಟರಿ, ಒಟ್ಟು ತೂಕ ಸುಮಾರು 30 ಕಿಲೋ; ನನ್ನದಕ್ಕಿಂತ ಭಾರ. ಆದರೂ ಅದು ಕಾಲಿನ ಒತ್ತಡ ಅಳೆದು ಅದಕ್ಕೆ ತಕ್ಕಂತೆಯೇ ಸಹಾಯ ಮಾಡುತ್ತಿತ್ತು. ಸ್ಟುಟ್‌ಗಾರ್ಟಿನಲ್ಲಿಯೂ ಮಗಳದರ ಎರಡು ಪಟ್ಟು ಬೆಲೆಯ, ಎರಡೂ ಚಕ್ರಕ್ಕೆ ಸ್ಪ್ರಿಂಗ್ ಇರುವ ಸೈಕಲ್ಲುಗಳು 25 ಕಿಲೋ ತೂಗುತ್ತವೆ. ಅವು ಭಾರ, ಆದರೆ ಒರಟಲ್ಲ. ಒರಟುತನ ಕೇವಲ ಒಂದು ಸೆನ್ಸರಿನ, ಅದರ ಹಿಂದಿನ ಲೆಕ್ಕಾಚಾರದ ಕೊರತೆ. ಆ ಒಂದನ್ನು ಸರಿಪಡಿಸಿ ನಾಲ್ಕೈದು ಸಾವಿರ ಹೆಚ್ಚು ಕೇಳಿದ್ದರೆ, ಫೋರ್ಕಿನ ಸ್ಪ್ರಿಂಗ್ ತೆಗೆದು ಆ ಹಣವನ್ನು ಅಲ್ಲಿ ಹಾಕಿದ್ದರೆ, ನಾನು ಈ ಬರಹ ಬರೆಯುತ್ತಿರಲಿಲ್ಲ.

ಹಗುರದ್ದಕ್ಕೂ ಅದರದೇ ಮಿತಿಯಿದೆ, ಅದನ್ನೂ ಹೇಳಿಬಿಡುತ್ತೇನೆ. ಮಗಳ ಊರಿನ ತಳದಲ್ಲಿರುವ ಮರಿಯನ್‌ಪ್ಲಾಟ್ಸ್‌ನಿಂದ ಡೇಗರ್‌ಲೋಖ್‌ಗೆ ಹೋಗುವ ಹಳೆಯ ರಸ್ತೆ ಎದೆಗೇ ಬರುವ ಏರು. ಹಗುರ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, 35ರಿಂದ 60 ನ್ಯೂಟನ್ ಮೀಟರ್. ಭಾರದ ದುಬಾರಿ ಸೈಕಲ್ಲುಗಳಲ್ಲಿ 85, ಕೆಲವದರಲ್ಲಿ ಅದಕ್ಕಿಂತಲೂ ಹೆಚ್ಚು ಇರುತ್ತದೆ. ಅಂಥವುಗಳ ಮೇಲೆ ಕೂತ ಎಪ್ಪತ್ತು ದಾಟಿದ ಅಜ್ಜಿಯರು ನನ್ನನ್ನು ಹಿಂದೆ ಹಾಕಿ, ನಮಸ್ಕಾರ ಹೇಳಿ ಹೋದರು. ಹಗುರದ್ದು ನಿಮ್ಮ ಕಾಲನ್ನು ದೊಡ್ಡದು ಮಾಡುತ್ತದೆ. ಕಾಲೇ ಸಣ್ಣದಿದ್ದರೆ ಎಷ್ಟು ದೊಡ್ಡದು ಮಾಡೀತು? ಮರುದಿನ ಜಂಬ ಬಿಟ್ಟು, ಹಳಿಗಳ ನಡುವಿನ ಹಲ್ಲುಗಳನ್ನು ಕಚ್ಚಿಕೊಂಡು ಏರುವ ಹಲ್ಲುಹಳಿಯ ರೈಲು ಹತ್ತಿದೆ. 1884ರಿಂದ ಆ ಏರಿನಲ್ಲಿ ಓಡುತ್ತಿರುವ ಪುಟ್ಟ ರೈಲು. ಮುಂದುಗಡೆ ಸೈಕಲ್ ನಿಲ್ಲಿಸಲೆಂದೇ ಒಂದು ತೆರೆದ ಗಾಡಿಯನ್ನು ನೂಕಿಕೊಂಡು ಹೋಗುತ್ತದೆ. ಸೈಕಲ್ಲನ್ನು ಅದರಲ್ಲಿ ಕೂರಿಸಿ ನಾನು ಹಿಂದೆ ಕೂತು ಊರು ನೋಡಿದೆ.

ಗುತ್ತಿಗೆ ಮುಗಿದ ಮೇಲೆ ಸೈಕಲ್ಲನ್ನು ಕಡಿಮೆ ಬೆಲೆಗೆ ಉಳಿಸಿಕೊಳ್ಳಬಹುದು, ಮೈಸೂರಿಗೆ ಒಯ್ಯಿ ಎಂದಳು ಮಗಳು. ಆಸೆಯಾಯಿತು. ಆದರೆ ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಗಂಟೆ ಮೀರಿದ ಲಿಥಿಯಂ ಬ್ಯಾಟರಿ ಒಯ್ಯುವಂತಿಲ್ಲ, ಅವಳದು 300 ದಾಟುತ್ತದೆ. ಬ್ಯಾಟರಿ ಬಿಟ್ಟು ಬರೀ ಸೈಕಲ್ ತಂದರೆ ಇಲ್ಲಿ ಬೇರೆ ಬ್ಯಾಟರಿ ಹಾಕಲೂ ಆಗದು: ಒಂದು ಕಂಪನಿಯ ಮೋಟಾರು ಇನ್ನೊಂದರ ಬ್ಯಾಟರಿಯನ್ನು ಗುರುತಿಸುವುದಿಲ್ಲ, ಕೆಟ್ಟರೆ ಅಧಿಕೃತ ಅಂಗಡಿಯ ಕಂಪ್ಯೂಟರ್ ಜೊತೆ ಮಾತ್ರ ಅದು ಮಾತಾಡುತ್ತದೆ.

ಇಲ್ಲಿಗೆ ಬಂದಾಗ ನನ್ನ ಒರಟು ಸೈಕಲ್ಲಿನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ಅದರ ಕಂಟ್ರೋಲರ್ ಕೆಟ್ಟಾಗ ಅಗ್ರಹಾರದ ಬಳಿಯ ರಿಪೇರಿಯವರೊಬ್ಬರು ಡಬ್ಬಿ ಬಿಚ್ಚಿ, ವೈರುಗಳ ಬಣ್ಣ ನೋಡಿ, ಯಾವುದೋ ಬೇರೆ ಡಬ್ಬಿ ಜೋಡಿಸಿ, 1,500 ರೂಪಾಯಿಗೆ ಕೆಲಸ ಮುಗಿಸಿದ್ದರು. ಹಿಂದಿನ ಚಕ್ರ ಪಂಕ್ಚರ್ ಆದಾಗ ಅಂಗಡಿಯವರು ಮೋಟಾರಿನ ವೈರು ನೋಡಿ, "ಚಕ್ರ ಬಿಚ್ಚುವುದಿಲ್ಲ ಸಾರ್," ಎಂದು ಮೊದಲೇ ಹೇಳಿದರು. ಬಿಚ್ಚಲಿಲ್ಲ. ಸೈಕಲ್ಲನ್ನು ಒರಗಿಸಿ, ಟೈರಿನ ಒಂದು ಬದಿಯನ್ನು ಮಾತ್ರ ಎಬ್ಬಿಸಿ, ಟ್ಯೂಬನ್ನು ಕರುಳಿನ ಹಾಗೆ ಹೊರಗೆಳೆದು, ಬೋಗುಣಿಯ ನೀರಿನಲ್ಲಿ ಅಂಗುಲ ಅಂಗುಲ ಅದ್ದುತ್ತಾ ಹೋದರು. ಗುಳ್ಳೆ ಬಂದ ಕಡೆ ಹೆಬ್ಬೆರಳಿಟ್ಟು, "ಸಿಕ್ಕಿತು," ಎಂದರು. ಮೋಟಾರು ಎಲ್ಲಿದ್ದರೆ ಅವರಿಗೇನು?

ಅದರ ಸುಳ್ಳನ್ನು ಕೂಡ ನಾನು ಕಲಿತುಕೊಂಡಿದ್ದೆ. ಹ್ಯಾಂಡಲ್ ಮೇಲೆ ಬ್ಯಾಟರಿಯ ಮಟ್ಟ ತೋರಿಸುವ ಮೂರು ಹಸಿರು ದೀಪಗಳು. ಏರು ಹತ್ತುವಾಗ ಒಂದೇ ದೀಪ ಉಳಿದು ಎದೆ ಧಸಕ್ಕೆನ್ನುತ್ತದೆ. ಮೇಲೆ ಹೋಗಿ ನಿಂತು ಉಸಿರೆಳೆದುಕೊಂಡರೆ ಮತ್ತೆ ಮೂರೂ ಹೊತ್ತಿಕೊಳ್ಳುತ್ತವೆ. ಕರೆಂಟು ಹೆಚ್ಚು ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಬಿಟ್ಟಾಗ ಏಳುತ್ತದೆ, ದೀಪಗಳಿಗೆ ವೋಲ್ಟೇಜ್ ಬಿಟ್ಟು ಬೇರೇನೂ ಗೊತ್ತಿಲ್ಲ. ತರಗತಿಯಲ್ಲಿ ಆಂತರಿಕ ರೋಧ ಎಂದು ಕಪ್ಪು ಹಲಗೆಯ ಮೇಲೆ ಬರೆದು ಬರೆದು ಹುಡುಗರಿಗೆ ನಿದ್ದೆ ತರಿಸುತ್ತಿದ್ದೆ. ಈ ಸೈಕಲ್ ಒಂದಿದ್ದಿದ್ದರೆ ಸಾಕಿತ್ತು.

ಪ್ರೀತಿಯೇನೋ ಸರಿ, ಮೆಟ್ಟಿಲು 34 ಇದ್ದೇ ಇತ್ತು. ಕೊನೆಗೆ ನಮ್ಮ ಬೀದಿಗೆ ಪೇಪರ್ ಹಾಕುವವರು ಅದನ್ನು 15 ಸಾವಿರಕ್ಕೆ ಕೊಂಡರು. ಅವರದು ನೆಲಮನೆ, ಬಾಗಿಲ ಪಕ್ಕದಲ್ಲೇ ಪ್ಲಗ್ಗು. ಬೆಳಗಿನ ಐದಕ್ಕೆ ಮೂವತ್ತು ಕಿಲೋ ಪೇಪರ್ ಕಟ್ಟು ಹೇರುವವರಿಗೆ ಸೈಕಲ್ 16 ಕಿಲೋ ಇದ್ದರೇನು, 27 ಇದ್ದರೇನು? ಮಗಳ ಸೈಕಲ್ಲಿಗೆ ಅಷ್ಟು ಹೇರಿದ್ದರೆ ಸವಾರನ ತೂಕವೂ ಸೇರಿ ಅದು ತಡೆಯಬಹುದಾದ ಮಿತಿ ಮುಟ್ಟಿಬಿಡುತ್ತಿತ್ತು. ನಾನು ಈಗ ತೆಗೆದುಕೊಂಡಿರುವುದು ಅಲ್ಯುಮಿನಿಯಂ ಚೌಕಟ್ಟಿನ, ಇಲ್ಲಿಯದೇ 20 ಕಿಲೋದ ಒಂದು ಸೈಕಲ್. ಬೆಲೆ 48 ಸಾವಿರ, ಬ್ಯಾಟರಿ ಕಳಚಿ ಕೈಯಲ್ಲಿ ಹಿಡಿದು ಮೇಲೆ ಒಯ್ಯಬಹುದು, ಸೈಕಲ್ಲು ಕೆಳಗೇ ಇರುತ್ತದೆ. ಸೆನ್ಸರ್ ಮಾತ್ರ ಅದೇ ಅಯಸ್ಕಾಂತದ್ದು. ಅಣ್ಣ ಇನ್ನೂ ನೂಕುತ್ತಾನೆ, ಸ್ವಲ್ಪ ಮೆಲ್ಲಗೆ.

ಹದಿನೈದು ದಿನ ಬಿಟ್ಟು ಪೇಪರಿನವರು ಸಿಕ್ಕರು. ಸೈಕಲ್ ಹೇಗಿದೆ ಎಂದು ಕೇಳಿದೆ. ಆ ತಡವಾದ ನೂಕಿನ ಬಗ್ಗೆ ಕ್ಷಮೆ ಕೇಳುವ ಧಾಟಿಯಲ್ಲಿ ಏನೋ ಶುರುಮಾಡಿದೆ, ಪೆಡಲ್ ತುಳಿಯುವಾಗ ಸ್ವಲ್ಪ ಹೊಂದಿಕೊಳ್ಳಬೇಕು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಲಗೈಯ ಥ್ರಾಟಲ್ ತಿರುಗಿಸಿ, ಎರಡೂ ಕಾಲನ್ನು ಪೆಡಲ್ ಮೇಲೆ ಆರಾಮವಾಗಿ ಇಟ್ಟುಕೊಂಡು, ಕಟ್ಟುಗಳ ಸಮೇತ ಒಂದು ಸುತ್ತು ಹೊಡೆದು ತೋರಿಸಿ ಬಂದು ನಿಂತರು.

"ನಾನು ಕೇಳಬೇಕು ಅಂತಿದ್ದೆ ಸಾರ್," ಎಂದರು, "ಇದಕ್ಕೆ ಪೆಡಲ್ ಯಾಕೆ ಕೊಟ್ಟಿದ್ದಾರೆ?"